ಗೆದ್ದವರ ಕಾವ್ಯ, ಸೋತವರ ಲೆಕ್ಕ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ತೊರವಿ ಸಿಗುತ್ತದೆ. ಇಟ್ಟಂಗಿಹಾಳ, ತಿಕೋಟಾ ಸೀಮೆಯವರಿಗೆ ಅದು ನೆರೆಯೂರು. ಈಗ ಅಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಐನೂರು ವರ್ಷಗಳ ಹಿಂದೆ ಅಲ್ಲಿದ್ದದ್ದು ನರಸಿಂಹನ ಗುಡಿ ಮತ್ತು ಅದೇ ದೇವರ ಅಂಕಿತದಲ್ಲಿ ರಾಮಾಯಣ ಬರೆದ ನರಹರಿ ಎಂಬ ಕವಿ. ಕುಮಾರವಾಲ್ಮೀಕಿ ಎಂದು ಹೆಸರಾದ ಈತನ ತೊರವೆ ರಾಮಾಯಣ ಭಾಮಿನಿ ಷಟ್ಪದಿಯಲ್ಲಿದೆ, ಅದರ ಅತಿ ದೊಡ್ಡ ಭಾಗ ಯುದ್ಧಕಾಂಡ. ಸೀತೆ, ಅಯೋಧ್ಯೆ, ಅಡವಿ ಎಲ್ಲವನ್ನೂ ಬೇಗ ಬೇಗ ದಾಟಿ ಲಂಕೆಯ ಕೋಟೆಯೆದುರು ಬಂದ ಕೂಡಲೇ ಕವಿಗೆ ಹುರುಪು ಏರುತ್ತದೆ. ಒಬ್ಬೊಬ್ಬ ರಾಕ್ಷಸವೀರನಿಗೂ ಒಂದು ಪ್ರವೇಶ, ಒಂದು ಬೀಳ್ಕೊಡುಗೆ, ಒಂದು ಸಾವು. ಗಮಕಿಗಳು ಈ ಭಾಗವನ್ನೇ ಹುಡುಕಿ ಓದಿದರು. ಯಕ್ಷಗಾನದ ಎಷ್ಟೋ ಕಾಳಗಗಳಿಗೆ ಸರಕು ಹೋದದ್ದೂ ಇಲ್ಲಿಂದಲೇ.

ಇಷ್ಟೊಂದು ಹೆಣ ಬೀಳುವ ಕಾವ್ಯದಲ್ಲಿ ಸಾವು ಯಾಕೆ ನೋಯಿಸುವುದಿಲ್ಲ? ತೊರವೆಯ ಕವಿಯನ್ನು ಓದುವಾಗ ನನಗೆ ಪ್ರತಿಸಲ ಏಳುವ ತಕರಾರು ಇದು. ಉತ್ತರ ಅವನ ಭಕ್ತಿಯಲ್ಲಿದೆ. ಅವನ ರಾವಣ ಒಳಗೊಳಗೇ ರಾಮನ ಭಕ್ತ. ವೈರದ ದಾರಿಯಿಂದ ಮುಕ್ತಿಗೆ ಹೊರಟವನು. ರಾಮನ ಬಾಣ ತಗುಲಿದವನಿಗೆ ವೈಕುಂಠ ಖಾತ್ರಿ ಎಂದಾದ ಮೇಲೆ ರಣರಂಗದಲ್ಲಿ ಅಳುವುದಕ್ಕೆ ಕಾರಣ ಉಳಿಯುವುದಿಲ್ಲ. ಭಕ್ತರಿಗೆ ಇದು ದೊಡ್ಡ ಸಮಾಧಾನ. ಯುದ್ಧದ ಬೆಲೆ ಏನು ಎಂದು ಕೇಳುವವನಿಗೆ ಮಾತ್ರ ಇಲ್ಲಿ ಉತ್ತರ ಸಿಗದು. ಸಾಲವೆಲ್ಲ ಪರಲೋಕದ ಖಾತೆಗೆ ವರ್ಗವಾಗಿರುತ್ತದೆ.

ಕಾವ್ಯದ ಒಳಗೆ ಹೀಗಾದರೆ ಹೊರಗೆ ಆದದ್ದೇ ಬೇರೆ. ಇದೇ ತೊರವಿಯ ಮಗ್ಗುಲಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರ ಕಟ್ಟಿಸಲು ತೊಡಗಿದ. ಹೆಸರೇ ಹೇಳುವಂತೆ ಸಂಗೀತಕ್ಕೆಂದೇ ಎದ್ದ ನಗರ ಅದು. ಅವನ ಕಿತಾಬ್-ಎ-ನವರಸ್‌ನ ಹಾಡುಗಳಲ್ಲಿ ಸರಸ್ವತಿ ಇದ್ದಾಳೆ, ಗಣಪತಿ ಇದ್ದಾನೆ, ಪ್ರೀತಿಯ ಆನೆ ಆತಿಶ್ ಖಾನ್, ತಂಬೂರಿ ಮೋತಿ ಖಾನ್ ಇವೆ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಆ ನಗರವನ್ನು ಹಾಳುಗೆಡವಿತು. ಕೇವಲ ಕಾಲು ಶತಮಾನ ಬಾಳಿದ ಊರು. ಅದರ ಸಾವಿನ ಬಗ್ಗೆ ಹಾಡಿದವರು ಇದ್ದರೋ ಏನೋ, ಜನರ ಬಾಯಲ್ಲಿ ಉಳಿದದ್ದು ಮಾತ್ರ ಏನೂ ಇಲ್ಲ.

ವಿಜಯಪುರದ ಇದೇ ಪಶ್ಚಿಮದ ಅಂಚಿನಲ್ಲಿ ಸಾಠ ಕಬರ್ ಇದೆ. ಎತ್ತರದ ಕಟ್ಟೆಯ ಮೇಲೆ ಸಾಲು ಸಾಲಾಗಿ ಅರವತ್ತಕ್ಕೂ ಹೆಚ್ಚು ಗೋರಿ, ಎಲ್ಲ ಒಂದೇ ಅಳತೆ, ಒಂದೇ ಮಾಟ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫ್ಜಲ್ ಖಾನನಿಗೆ ಜ್ಯೋತಿಷಿಗಳು ನೀನು ಮರಳುವುದಿಲ್ಲ ಎಂದರಂತೆ. ತಾನು ಸತ್ತ ಮೇಲೆ ಹೆಂಡಂದಿರು ಪರರ ಪಾಲಾಗಬಾರದೆಂದು ಅಷ್ಟೂ ಮಂದಿಯನ್ನು ಬಾವಿಗೆ ತಳ್ಳಿಸಿದನಂತೆ. ಇದು ಐತಿಹ್ಯ, ಇತಿಹಾಸ ಎಷ್ಟು, ಕಟ್ಟುಕಥೆ ಎಷ್ಟು ಎಂದು ತೂಗಿ ಹೇಳುವ ದಾಖಲೆ ಇಲ್ಲ. ದಂಡು ಊರು ಬಿಡುವ ಮುನ್ನವೇ ಯುದ್ಧ ಮನೆಯೊಳಗಿನ ಹೆಂಗಸರನ್ನು ಕೊಂದಿತು ಎಂದು ಈ ಊರು ನಂಬಿಕೊಂಡು ಬಂದಿದೆ, ಅದು ಮುಖ್ಯ. ಖಾನ ಪ್ರತಾಪಗಡದಲ್ಲಿ ಸತ್ತ. ಅವನ ವಧೆಯನ್ನು ಕೊಂಡಾಡುವ ಅಜ್ಞಾನದಾಸನ ಪೋವಾಡ ಮರಾಠಿಯ ಅತಿ ಹಳೆಯ ಪೋವಾಡಗಳಲ್ಲಿ ಒಂದು. ಪರಮಾನಂದ ಕವಿ ಸಂಸ್ಕೃತದಲ್ಲಿ ಶಿವಭಾರತ ಬರೆದ. ಇತ್ತ ಬಿಜಾಪುರದ ಆಸ್ಥಾನದಲ್ಲಿ ನುಸ್ರತಿ ಎರಡನೆಯ ಅಲಿ ಆದಿಲಶಾಹನ ಕದನಗಳನ್ನು ದಖನಿಯಲ್ಲಿ ಹೊಗಳಿ 1665ರಲ್ಲಿ ಅಲಿನಾಮ ಮುಗಿಸಿದ. ಎರಡೂ ಪಾಳೆಯಕ್ಕೆ ಕವಿಗಳಿದ್ದರು. ಸಾಠ ಕಬರಿನ ಹೆಂಗಸರಿಗೆ ಯಾರೂ ಇರಲಿಲ್ಲ.

ಹಾಗಾದರೆ ಆಸ್ಥಾನದ ಕವಿಯಿಂದ ಯುದ್ಧದ ನಿಜ ಹೊರಡುವುದೇ ಇಲ್ಲವೇ? ಹೊರಡುತ್ತದೆ. ಅನ್ನ ಹಾಕಿದವನ ಮಾತು ಮೀರಿದಾಗ. ಇದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಸಾಕ್ಷಿ ಇದೆ: ಮುಧೋಳದ ರನ್ನ. ಬಳೆಗಾರರ ಮನೆಯ ಹುಡುಗ, ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದವನು. 982ರ ಸುಮಾರಿಗೆ ಬರೆದ ಸಾಹಸಭೀಮವಿಜಯದಲ್ಲಿ, ಅಂದರೆ ಗದಾಯುದ್ಧದಲ್ಲಿ, ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಸಮೀಕರಿಸಿದ. ಅರಸನಿಗೆ ಬೇಕಿದ್ದದ್ದು ಭೀಮನ ಗೆಲುವು. ಕವಿ ಅದನ್ನು ಕೊಟ್ಟ, ಶೀರ್ಷಿಕೆಯಲ್ಲೇ ಕೊಟ್ಟ. ಒಳಗೆ ಹೊಕ್ಕು ನೋಡಿದರೆ ಕಾವ್ಯದ ಜೀವ ಇರುವುದು ದುರ್ಯೋಧನನಲ್ಲಿ.

ಯುದ್ಧದ ಕೊನೆಯ ದಿನ. ದುರ್ಯೋಧನ ಸಂಜಯನ ಕೈ ಹಿಡಿದು ಶರಶಯ್ಯೆಯ ಭೀಷ್ಮನನ್ನು ಕಾಣಲು ಹೊರಟಿದ್ದಾನೆ. ರಥವಿಲ್ಲ, ಆನೆಯಿಲ್ಲ, ಹನ್ನೊಂದು ಅಕ್ಷೌಹಿಣಿಯ ಒಡೆಯ ಕಾಲುನಡಿಗೆಯಲ್ಲಿ. ಹೆಣಗಳ ನಡುವೆ ಹೆಜ್ಜೆ ಇಡಲು ಜಾಗವಿಲ್ಲ, ನೆತ್ತರಿನಲ್ಲಿ ಕಾಲು ಜಾರುತ್ತದೆ, ಮರುಳುಗಳು ಅವನನ್ನು ಗೇಲಿ ಮಾಡುತ್ತವೆ. ದಾರಿಯಲ್ಲಿ ಒಬ್ಬೊಬ್ಬರಾಗಿ ಸಿಗುತ್ತಾರೆ. ಗುರು ದ್ರೋಣ. ಆಮೇಲೆ ಶತ್ರುವಿನ ಮಗ ಅಭಿಮನ್ಯು: ಅವನೆದುರು ದುರ್ಯೋಧನ ನಿಂತು ಕೈಮುಗಿದು, ಇಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ಆಮೇಲೆ ಸ್ವಂತ ಮಗ ಲಕ್ಷಣಕುಮಾರ. ತಂದೆಗೆ ಮಗ ನೀರು ಬಿಡಬೇಕಾದ ಲೋಕದಲ್ಲಿ ಮಗನಿಗೆ ತಂದೆ ಬಿಡುವ ಹಾಗಾಯಿತಲ್ಲ ಎಂಬ ಸಂಕಟ. ಅಲ್ಲಿಂದ ಮುಂದೆ ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಅರಸನೊಬ್ಬ ತನ್ನ ಯುದ್ಧದ ಲೆಕ್ಕವನ್ನು ತಾನೇ ನಡೆದು, ಹೆಣ ಗುರುತಿಸಿ ಮಾಡುವ ಈ ದೃಶ್ಯಕ್ಕೆ ಸಮನಾದದ್ದು ನಮ್ಮಲ್ಲಿ ಇನ್ನೊಂದಿಲ್ಲ. ಹೋಮರನ ಇಲಿಯಡ್‌ನಲ್ಲಿ ಮುದುಕ ಪ್ರಿಯಮ್ ಮಗನ ಹೆಣ ಕೇಳಿಕೊಂಡು ಕೊಂದವನ ಗುಡಾರಕ್ಕೆ ಹೋಗುತ್ತಾನೆ; ಅದನ್ನು ಲೋಕವೆಲ್ಲ ಕೊಂಡಾಡುತ್ತದೆ. ಪ್ರಿಯಮ್ ಯುದ್ಧ ಬಯಸಿದವನಲ್ಲ, ದುರ್ಯೋಧನ ಬಯಸಿದವನು. ತಪ್ಪಿತಸ್ಥನ ದುಃಖವೂ ದುಃಖವೇ ಎಂದು ಒಪ್ಪಿಸುವುದು ಹೆಚ್ಚು ಕಷ್ಟದ ಕೆಲಸ. ರನ್ನ ಅದನ್ನು ಮಾಡಿದ, ಅದೂ ಭೀಮನ ಕಡೆಯವನ ಸಂಬಳದಲ್ಲಿ.

ಕಾವ್ಯದ ಭೀಮನಿಗೆ, ಅಂದರೆ ಸತ್ಯಾಶ್ರಯನಿಗೆ, ಮುಂದೆ ಏನಾಯಿತು ಎಂಬುದನ್ನು 1007ರ ಹೊಟ್ಟೂರು ಶಾಸನ ಹೇಳುತ್ತದೆ. ಚೋಳ ಸೈನ್ಯ ಒಂಬತ್ತು ಲಕ್ಷ ಬಲದೊಡನೆ ಬಂದು ದೋನವೂರಿನಲ್ಲಿ ಬೀಡುಬಿಟ್ಟಿತು, ನಾಡನ್ನು ಸೂರೆಗೈದಿತು, ಹೆಂಗಸರನ್ನು, ಮಕ್ಕಳನ್ನು, ಬ್ರಾಹ್ಮಣರನ್ನು ಕೊಂದಿತು. ದೋನವೂರು ಎಂದರೆ ನಮ್ಮ ಬಸವನಬಾಗೇವಾಡಿ ಸೀಮೆಯ ದೋಣೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಂಬತ್ತು ಲಕ್ಷ ಎಂಬುದು ಉತ್ಪ್ರೇಕ್ಷೆ, ಇರಲಿ. ರನ್ನನ ರಣರಂಗದಲ್ಲಿ ಸತ್ತವರೆಲ್ಲ ಆಯುಧ ಹಿಡಿದವರು; ಈ ಶಾಸನದಲ್ಲಿ ಆಯುಧ ಹಿಡಿಯದವರ ಸಾವು ಎದುರಿಗೆ ಬಂದು ನಿಲ್ಲುತ್ತದೆ. ಒಂದು ಅನುಮಾನವನ್ನಂತೂ ಬಿಡುವಂತಿಲ್ಲ. ಶತ್ರು ಮಾಡಿದ ಕ್ರೌರ್ಯವಾದ್ದರಿಂದ ಅದು ಕಲ್ಲಿಗೆ ಏರಿತು. ಚಾಲುಕ್ಯರ ದಂಡು ಬೇರೆಯವರ ಊರಿನಲ್ಲಿ ಏನು ಮಾಡಿತು ಎಂದು ಚಾಲುಕ್ಯರ ಕಲ್ಲು ಹೇಳೀತೇ?

ಪಂಪನ ದಾರಿ ಬೇರೆ. ಅವನು ಕವಿಯಷ್ಟೇ ಅಲ್ಲ, ಕಲಿಯೂ ಹೌದು. ಅರಿಕೇಸರಿಯ ಜೊತೆ ಕತ್ತಿ ಹಿಡಿದವನು. ವಿಕ್ರಮಾರ್ಜುನವಿಜಯದಲ್ಲಿ ಅರಿಕೇಸರಿಯನ್ನೇ ಅರ್ಜುನನನ್ನಾಗಿಸಿ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಿದ್ದರೆ ಕರ್ಣನನ್ನು ನೆನೆ ಎಂದು ಕೇಳುಗನಿಗೆ ಹೇಳಿಬಿಟ್ಟ. ರನ್ನನಿಗೆ ಮೇಲ್ಪಂಕ್ತಿ ಇದೇ. ಅದಕ್ಕಿಂತ ನನ್ನನ್ನು ಕಾಡುವುದು 941ರ ಆದಿಪುರಾಣ. ಭರತ ಮತ್ತು ಬಾಹುಬಲಿಯ ಸೇನೆಗಳು ಎದುರುಬದುರು ನಿಂತಾಗ ಮಂತ್ರಿಗಳು ಲೆಕ್ಕ ಹಾಕುತ್ತಾರೆ: ಈ ಅಣ್ಣತಮ್ಮಂದಿರಿಗೆ ಸಾವಿಲ್ಲ, ಸಾಯುವುದು ಮಂದಿ, ಇಬ್ಬರೇ ಹೊಡೆದಾಡಿಕೊಳ್ಳಲಿ. ಹಾಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಗೆದ್ದ ಬಾಹುಬಲಿ ಗೆದ್ದದ್ದನ್ನೆಲ್ಲ ಅಣ್ಣನಿಗೇ ಬಿಟ್ಟು ಕಾಡಿಗೆ ಹೊರಟ. ಕಥೆ ಜೈನ ಪರಂಪರೆಯದು, ಪಂಪನೇ ಹುಟ್ಟಿಸಿದ್ದಲ್ಲ. ಆದರೂ ಕನ್ನಡ ಕಾವ್ಯದ ಬಾಗಿಲಲ್ಲೇ ಯುದ್ಧವನ್ನು ಕೈಬಿಟ್ಟ ಯುದ್ಧಕಥೆಯೊಂದು ನಿಂತಿದೆ ಎಂಬುದು ಸಣ್ಣ ಮಾತಲ್ಲ. ಅದೇ ಕವಿ ಮತ್ತೆ ಅರಸನ ರಣೋತ್ಸಾಹವನ್ನೂ ಬರೆದ. ಎರಡನ್ನೂ ಒಂದೇ ಮೈ ಹೊತ್ತಿತ್ತು.

ಕುಮಾರವ್ಯಾಸನ ಹತ್ತು ಪರ್ವಗಳಲ್ಲಿ ಐದು ಯುದ್ಧದ್ದೇ; ಕೊನೆಯದು ಗದಾಪರ್ವ. ವ್ಯಾಸಭಾರತದಲ್ಲಿ ಗಾಂಧಾರಿ ಮತ್ತು ವಿಧವೆಯರ ಗೋಳಿಗೆ ಸ್ತ್ರೀಪರ್ವ ಎಂಬ ಪೂರಾ ಪರ್ವವೇ ಮೀಸಲು. ಗದುಗಿನವನು ಅದಕ್ಕೆ ಬೇರೆ ಪರ್ವ ಕೊಡದೆ ಗದಾಪರ್ವದ ತುದಿಯಲ್ಲೇ ಮುಗಿಸಿ ಪಟ್ಟಾಭಿಷೇಕಕ್ಕೆ ಹೊರಡುತ್ತಾನೆ. ಅದಕ್ಕೆ ಬದಲಾಗಿ ಅವನು ಕೊಟ್ಟದ್ದು ಉತ್ತರಕುಮಾರ. ಹೆಂಗಸರೆದುರು ಪೌರುಷ ಕೊಚ್ಚಿ, ಕೌರವಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುವ ಹುಡುಗನನ್ನು ನೋಡಿ ಆರು ಶತಮಾನ ನಕ್ಕಿದ್ದೇವೆ. ಆ ಅಂಜಿಕೆ ಮಾತ್ರ ರಣರಂಗದಲ್ಲಿರುವ ಅತಿ ಸಹಜವಾದ ಮನುಷ್ಯಭಾವ. ಬದುಕಬೇಕು ಎಂದು ಬಾಯಿಬಿಟ್ಟು ಹೇಳಿದ ಒಬ್ಬನೇ ಒಬ್ಬ ಯೋಧನನ್ನು ನಾವು ವಿದೂಷಕನ ಪಟ್ಟಕ್ಕೆ ಕೂರಿಸಿದ್ದೇವೆ.

ಕಾವ್ಯದಲ್ಲಿ ಹೆಸರಿರುವುದು ರಾಜರಿಗೆ. ಸಾಮಾನ್ಯನ ಹೆಸರು ಬೇಕಿದ್ದರೆ ವೀರಗಲ್ಲಿನ ಬಳಿ ಹೋಗಬೇಕು. ಕನ್ನಡನಾಡಿನ ಊರ ಮುಂದೆ, ಹೊಲದ ಬದುವಿನಲ್ಲಿ, ಹನುಮಪ್ಪನ ಗುಡಿಯ ಹಿಂದೆ ಎಣ್ಣೆ ಹಚ್ಚಿಸಿಕೊಂಡು ನಿಂತ ಕಲ್ಲುಗಳವು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ತುರು ಮರಳಿಸಲು ಹೋಗಿ ಸತ್ತವನು, ಊರಿನ ಹೆಂಗಸರ ಮಾನ ಕಾಯಲು ಹೋಗಿ ಸತ್ತವನು. ಇಂಥವನ ಮನೆಯವರಿಗೆ ಕೊಟ್ಟ ಹೊಲಕ್ಕೆ ನೆತ್ತರುಗೊಡಗೆ ಎಂದು ಹೆಸರು. ಇಷ್ಟು ಮತ್ತರು ನೆಲ, ಇಂಥ ಎಲ್ಲೆ, ಕೊಟ್ಟವರು ಇಂಥವರು ಎಂದು ಬರೆದಿಡುತ್ತಿದ್ದರು. ಸ್ವರ್ಗದ ಚಿತ್ರ ಮೇಲಿದ್ದರೂ ಹೆಂಡತಿ ಮಕ್ಕಳ ಹೊಟ್ಟೆಯ ಮಾತು ಕೆಳಗಿನ ಬರಹದಲ್ಲಿದೆ, ತೊರವೆಯ ಕವಿಗಿಂತ ಇವರೇ ವ್ಯವಹಾರ ಬಲ್ಲವರು. ಪಕ್ಕದಲ್ಲಿ ಬಳೆ ತೊಟ್ಟ ಒಂದು ಕೈಯೆತ್ತಿದ ಮಾಸ್ತಿಕಲ್ಲು ಇದ್ದರೆ ಲೆಕ್ಕ ಇನ್ನೂ ಉದ್ದವಾಗುತ್ತದೆ. ಎಲ್ಲ ಕಲ್ಲೂ ನ್ಯಾಯವಾಗಿ ನಡೆದುಕೊಂಡವೆಂದೇನೂ ಅಲ್ಲ. 949ರ ತಕ್ಕೋಲದ ಕಾಳಗದಲ್ಲಿ ಸತ್ತ ಸಾವಿರಾರು ಮಂದಿ ಯಾರೆಂದು ನಮಗೆ ತಿಳಿಯದು. ಅಲ್ಲಿ ಹೋರಾಡಿದ ಮಣಲೇರನೆಂಬ ಯೋಧ ತನ್ನ ಒಡೆಯ ಬೂತುಗನಿಂದ ಮೆಚ್ಚಾಗಿ ಪಡೆದ ನಾಯಿಯ ಹೆಸರು ಕಾಳಿ ಎಂಬುದು ಆತಕೂರಿನ ಕಲ್ಲಿನಿಂದ ತಿಳಿಯುತ್ತದೆ. ಹಂದಿಯೊಡನೆ ಕಾದಾಡಿ ಸತ್ತ ನಾಯಿ ಅದು.

ಹಳ್ಳಿಯ ಹಾಡಿಗೆ ಬಂದರೆ ನೋಟ ತಿರುಗುಮುರುಗಾಗುತ್ತದೆ. ‘ಕೆರೆಗೆ ಹಾರ’ ಹಾಡಿನ ಭಾಗೀರಥಿಯ ಕಥೆ ಎಲ್ಲರಿಗೂ ಗೊತ್ತು. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದ ಎಂಬ ಮಾತನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ. ಸಾಯುವ ಕೆಲಸಕ್ಕೆ ಹೋದವನು ಕ್ಷೇಮವಾಗಿ ಮರಳುತ್ತಾನೆ, ಮನೆಯಲ್ಲಿದ್ದವಳು ಸತ್ತಿರುತ್ತಾಳೆ. ಗಂಡು ದಿಕ್ಕು ದೂರವಿದ್ದಾಗಲೇ ಹಿರಿಯರು ಕೆರೆಯ ಬಲಿಗೆ ಸೊಸೆಯನ್ನು ಆರಿಸಿದ್ದು. ದಂಡು ಒಂದು ಮನೆಯಿಂದ ಏನನ್ನು ಒಯ್ಯುತ್ತದೆ ಎಂಬುದಕ್ಕೆ ಇದು ನಾನು ಬಲ್ಲ ಅತ್ಯಂತ ಸೂಕ್ಷ್ಮವಾದ ಉತ್ತರ. ಹಾಡಿನಲ್ಲಿ ಒಂದು ಕತ್ತಿಯೂ ಒರೆಯಿಂದ ಹೊರಬರುವುದಿಲ್ಲ.

ಕತ್ತಿ ಹೊರಬರುವ ಹಾಡೂ ನಮ್ಮ ಸೀಮೆಯದ್ದೇ ಇದೆ. ಮುಧೋಳದ ಬಳಿಯ ಹಲಗಲಿ, ಆಗ ಬೇಡರ ಪುಟ್ಟ ಊರು. 1857ರಲ್ಲಿ ಮನೆಯ ಆಯುಧಗಳನ್ನೆಲ್ಲ ಒಪ್ಪಿಸಿ ಎಂದು ಕಂಪನಿ ಸರಕಾರ ಹುಕುಂ ಹೊರಡಿಸಿತು. ಜಡಗ, ಬಾಲ, ಹನುಮ, ರಾಮ ಎಂಬ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರು ಸುಟ್ಟಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು. ಈ ಪ್ರಸಂಗದ ಲಾವಣಿಯನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್, ಅದೇ ಇಂಗ್ಲಿಷ್ ಸರಕಾರದ ಅಧಿಕಾರಿ! ಮುಂದೆ ಅದು ಹತ್ತನೆಯ ತರಗತಿಯ ಪಠ್ಯವೂ ಆಯಿತು. ಪಾಠ ಮಾಡುವಾಗ ಎಲ್ಲರೂ ಬೇಡರ ಕೆಚ್ಚಿನ ಮೇಲೆ ಒತ್ತು ಕೊಡುತ್ತಾರೆ, ಸರಿಯೇ. ನನಗೆ ದೊಡ್ಡದಾಗಿ ಕಾಣುವುದು ಲೂಟಿಯ ಭಾಗ. ಲಾವಣಿಕಾರ ಅಲ್ಲಿ ನಿಂತು ಹೋದ ಸಾಮಾನನ್ನು ಒಂದೊಂದಾಗಿ ಎಣಿಸುತ್ತಾನೆ. ಕೊಡಲಿಯಿಂದ ಹಿಡಿದು ಅಡಿಗೆಮನೆಯ ಜೀರಿಗೆ ಅರಿಸಿನ, ಉಣ್ಣುವ ಗಂಗಾಳ, ಬೀಸುವ ಕಲ್ಲು, ಕೊರಳ ತಾಳಿಯವರೆಗೆ. ಪಂಚನಾಮೆಯಂಥ ಈ ಪಟ್ಟಿಯಲ್ಲಿ ವೀರರಸದ ಸುಳಿವಿಲ್ಲ. ಬೀಸುಕಲ್ಲು ಹೊತ್ತು ಒಯ್ಯುವ ಸಿಪಾಯಿಯನ್ನು ಕಣ್ಣಿಗೆ ತಂದುಕೊಳ್ಳಿ. ನಾಳೆ ಹಿಟ್ಟಿಲ್ಲದ ಮನೆಯೂ ಕಣ್ಣಿಗೆ ಬರುತ್ತದೆ. ಯುದ್ಧ ಕೆಟ್ಟದ್ದು, ಶಾಂತಿ ಒಳ್ಳೆಯದು ಎಂಬ ಮಾತು ಇಲ್ಲಿ ಎಲ್ಲೂ ಇಲ್ಲ, ಬೇಕೂ ಇಲ್ಲ.

ಲಾವಣಿಗಳಿಗೆ ಸಾಹಿತ್ಯದ ಮಾನ ತಂದವರು ನಮ್ಮ ಜಿಲ್ಲೆಯ ಹಲಸಂಗಿ ಗೆಳೆಯರು ಎಂಬುದನ್ನು ಇಲ್ಲಿ ಹೇಳದೆ ಹೋಗಲಾಗದು. 1931ರ ಗರತಿಯ ಹಾಡು, 1933ರ ಜೀವನಸಂಗೀತ: ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಊರೂರು ತಿರುಗದಿದ್ದರೆ ಡಪ್ಪು ತುಂತುಣಿಯ ಸದ್ದಿನಲ್ಲೇ ಎಷ್ಟೋ ಕರಗಿ ಹೋಗುತ್ತಿತ್ತು.

ಯುದ್ಧಶೋಕ ಇವತ್ತಿಗೂ ವರ್ಷಕ್ಕೊಮ್ಮೆ ಹಾಡಾಗುವುದು ಮೊಹರಮ್ಮಿನಲ್ಲಿ. 680ರಲ್ಲಿ ಯೂಫ್ರಟಿಸ್ ನದಿಯ ಹತ್ತಿರ ಕರ್ಬಲಾದ ಬಯಲಿನಲ್ಲಿ ಹುಸೇನರೂ ಅವರ ಬೆರಳೆಣಿಕೆಯ ಸಂಗಾತಿಗಳೂ ಯಜೀದನ ದೊಡ್ಡ ಸೈನ್ಯದೆದುರು ಸತ್ತರು. ಸೋತವರ ಕಥೆ. ಆದಿಲಶಾಹಿ ಕಾಲದಲ್ಲಿ ಬೇರು ಬಿಟ್ಟ ಈ ಶೋಕ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಿವಾಯತ ಪದವಾಗಿ, ಹೆಜ್ಜೆ ಮೇಳವಾಗಿ ಅಚ್ಚ ಕನ್ನಡದಲ್ಲಿ ಮೈದಳೆಯಿತು. ಮುಸಲ್ಮಾನರ ಮನೆಯೇ ಇಲ್ಲದ ಊರಲ್ಲೂ ಅಲಾಯಿ ದೇವರು ಕೂರುತ್ತವೆ. ಲಿಂಗಾಯತರು, ಕುರುಬರು, ಬೇಡರು ಸೇರಿ ಕತ್ತಲರಾತ್ರಿ ಹಾಡುತ್ತಾರೆ. ರಹಮತ್ ತರೀಕೆರೆ ಕರ್ನಾಟಕದ ಮೊಹರಂ ಪುಸ್ತಕದಲ್ಲಿ ಈ ಕೂಡುಬಾಳನ್ನು ವಿವರವಾಗಿ ಬಿಡಿಸಿದ್ದಾರೆ. ಹಾಡಿನ ಹುರುಳು ಯಾವುದು ನೋಡಿ: ಹೊಳೆ ಕಣ್ಣೆದುರಿಗಿದ್ದರೂ ಶತ್ರು ನೀರು ಬಿಡುವುದಿಲ್ಲ; ಕೂಸು ಸಕೀನಾ ನೀರಡಿಸಿದ್ದಾಳೆ; ತೊಗಲ ಚೀಲ ಹೊತ್ತು ನೀರಿಗೆ ಹೋದ ಅಬ್ಬಾಸನ ಕೈ ಕಡಿಯುತ್ತಾರೆ; ಮದುಮಗ ಖಾಸೀಮ ಬಾಸಿಂಗ ಬಿಚ್ಚುವ ಮೊದಲೇ ರಣಕ್ಕೆ ಹೋಗುತ್ತಾನೆ. ಬರಗಾಲದ ಮೇಲೆ ಬರಗಾಲ ಕಂಡ, ಬೇಸಿಗೆಯಲ್ಲಿ ಕೊಡ ಹೊತ್ತು ಮೈಲಿಗಟ್ಟಲೆ ನಡೆದ ವಿಜಯಪುರ ಸೀಮೆಯ ಕೇಳುಗನಿಗೆ ಈ ದಾಹವನ್ನು ಯಾರೂ ವಿವರಿಸಬೇಕಿಲ್ಲ. ದೂರದ ಅರಬರ ಯುದ್ಧ ಇಲ್ಲಿಯವರ ಗಂಟಲಿಗೆ ಸಿಕ್ಕಿದ್ದು ಮತದ ದಾರಿಯಿಂದಲ್ಲ, ನೀರಿನ ದಾರಿಯಿಂದ ಎಂದು ನನಗನ್ನಿಸುತ್ತದೆ.

ಹೊಸಗನ್ನಡದ್ದು ಚಿಕ್ಕ ಕಥೆ. ಬಿ.ಎಂ. ಶ್ರೀಯವರು 1926ರಲ್ಲಿ ರನ್ನನನ್ನು ಗದಾಯುದ್ಧ ನಾಟಕವಾಗಿಸಿದರು. 1929ರ ಅಶ್ವತ್ಥಾಮನ್ ಅದಕ್ಕಿಂತ ಆಳದ್ದು. ಸೊಫೊಕ್ಲಿಸನ ಅಯಾಸ್ ನಾಟಕದ ಬುದ್ಧಿ ಕೆಟ್ಟ ವೀರನನ್ನು ಅವರು ಭಾರತದ ಅಶ್ವತ್ಥಾಮನಲ್ಲಿ ಕಂಡರು. ಅದೇ ಗ್ರೀಕ್ ನಾಟಕವನ್ನು ಅಮೆರಿಕದ ರಂಗಕರ್ಮಿ ಬ್ರಯಾನ್ ಡೋರಿಸ್ 2008ರಿಂದ ಇರಾಕ್, ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರ ಮುಂದೆ ಓದಿಸುತ್ತಿದ್ದಾರೆ. ನಮ್ಮಲ್ಲಿ ಮಾಜಿ ಸೈನಿಕರ ಸಭೆಯಲ್ಲಿ ಅಶ್ವತ್ಥಾಮನನ್ನು ಓದಬೇಕೆಂದು ಯಾರಿಗೂ ಹೊಳೆದಂತಿಲ್ಲ. ಕುವೆಂಪು 1931ರಲ್ಲಿ ಶ್ಮಶಾನ ಕುರುಕ್ಷೇತ್ರಂ ಬರೆದರು. ಕಾಳಗ ಮುಗಿದ ಮೇಲಿನ ಬಯಲು ಅಲ್ಲಿನ ರಂಗಭೂಮಿ.

1962ರ ಚೀನಾ ಯುದ್ಧದ ಬೆನ್ನಿಗೆ, 1963ರಲ್ಲಿ, ವಿಜಯಪುರದಲ್ಲಿ ಸೈನಿಕ ಶಾಲೆ ತೆರೆಯಿತು. ಅಂದಿನಿಂದ ಈ ಜಿಲ್ಲೆಗೆ ಸೈನ್ಯ ಹತ್ತಿರದ್ದಾಯಿತು. ಕವಿತೆ ಮಾತ್ರ ಹತ್ತಿರ ಬರಲಿಲ್ಲ. 62, 65, 71, ಕಾರ್ಗಿಲ್, ಒಂದೊಂದು ಯುದ್ಧ ಬಂದಾಗಲೂ ಕವಿಗೋಷ್ಠಿಗಳು ಯೋಧನಿಗೆ ನಮನ ಸಲ್ಲಿಸಿವೆ. ಹಿಮ, ಗಡಿ, ತಾಯಿಯ ಸೆರಗು, ತ್ರಿವರ್ಣ. ಇವು ಬಹುಪಾಲು ಪೋಷಕನ ಹೆಸರು ಬದಲಾದ ಹಳೆಯ ವಿಜಯಕಾವ್ಯಗಳೇ. ವ್ಯತ್ಯಾಸವೆಂದರೆ ಪಂಪ ರನ್ನರಿಗೆ ಒಡೆಯನನ್ನು ಮೀರುವ ಧೈರ್ಯವಿತ್ತು. ಇಂಗ್ಲಿಷಿನಲ್ಲಿ ವಿಲ್ಫ್ರೆಡ್ ಓವೆನ್ ಕಂದಕವನ್ನು ಕಂಡು ಬರೆದ, 1918ರ ನವೆಂಬರ್ 4ರಂದು, ಕದನವಿರಾಮಕ್ಕೆ ಒಂದು ವಾರವಿರುವಾಗ, ಸತ್ತ. ಅದೇ ವರ್ಷ ಸೆಪ್ಟೆಂಬರ್ 23ರಂದು ಮೈಸೂರು ಲಾನ್ಸರ್ಸ್ ಹೈಫಾದಲ್ಲಿ ಕುದುರೆಯ ಮೇಲೆ ನುಗ್ಗಿ ಗೆದ್ದರು. ಆ ಸವಾರರಲ್ಲಿ ಯಾರದೂ ಕವಿತೆ ನಮ್ಮ ಕೈಸೇರಿಲ್ಲ. ಬರೆಯುವವರು ಹೋಗಲಿಲ್ಲ, ಹೋದವರು ಬರೆಯಲಿಲ್ಲ.

ಹೋದವರ ಮನೆಯವರ ಬಾಯಲ್ಲಿ ಮಾತ್ರ ಪದಾರ್ಥ ಬೇಕಾದಷ್ಟಿದೆ. ಮಗ ರಜೆಗೆ ಬರುವಾಗ ತರುವ ಕಪ್ಪು ಟ್ರಂಕು, ಕ್ಯಾಂಟೀನಿನ ಸಾಮಾನು, ಸಿಗ್ನಲ್ ಸಿಕ್ಕಾಗಷ್ಟೇ ಬರುವ ಫೋನು. ಸತ್ತ ಮೇಲೆ ಪಿಂಚಣಿಯ ಕಾಗದ, ಮಂಜೂರಾದ ನಿವೇಶನಕ್ಕೆ ಕಚೇರಿಯಿಂದ ಕಚೇರಿಗೆ ಅಲೆದಾಟ, ಪರಿಹಾರದ ದುಡ್ಡಿಗಾಗಿ ಅತ್ತೆ ಸೊಸೆಯರ ನಡುವೆ ಏಳುವ ಜಗಳ. ನೆತ್ತರುಗೊಡಗೆಯ ಶಾಸನ ಬರೆದವನಿಗೂ ಹಲಗಲಿಯ ಲಾವಣಿಕಾರನಿಗೂ ಇವು ಹಾಡಿಗೆ ಅಡ್ಡಿಯಾಗುವ ಸಣ್ಣ ಸಂಗತಿಗಳೆಂದು ಅನ್ನಿಸುತ್ತಿರಲಿಲ್ಲ. ನಮ್ಮ ಕವಿಗೋಷ್ಠಿಗೆ ಇನ್ನೂ ಅನ್ನಿಸುತ್ತಿದೆ.